ಸರ್ವರಿಗೆ ಯಾವ ಎಡಿಟರ್, ಯಾವ ಪ್ಯಾಕೇಜ್? ಊರಿನ ಯಂತ್ರಗಳಿಗೆ ಕಟ್ಟು ಸಿದ್ಧಮಾಡುವ ಕ್ರಮ

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಹೊಸದುರ್ಗದವರೆಗೆ ಶಾಲೆ, ಗ್ರಂಥಾಲಯ, ಸೇವಾ ಸಹಕಾರಿ ಸಂಘಗಳಲ್ಲಿ ಸಣ್ಣ ಸರ್ವರುಗಳನ್ನು ನೋಡಿಕೊಳ್ಳುವ ಗೆಳೆಯರು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಲಿನಕ್ಸ್ ಹಾಕಿ ಆಯಿತು. ಜೊತೆಗೆ ಏನೇನು ಹಾಕಿ ಕೊಡಬೇಕು? ವಿಮ್ ಸಾಕೋ, ನ್ಯಾನೋವೂ ಬೇಕೋ?" ವಿಮ್, ನ್ಯಾನೋ ಎರಡೂ ಫೈಲು ತಿದ್ದುವ ಎಡಿಟರುಗಳು. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಸರ್ವರ್ ಕಟ್ಟಿ ಕೊಡುವವರು ಸಾಮಾನ್ಯವಾಗಿ ತಮ್ಮ ಕೈಗೆ ಒಗ್ಗಿದ್ದನ್ನೆಲ್ಲ ತುಂಬಿಸುತ್ತಾರೆ. ಆದರೆ ಯಂತ್ರ ಕೆಟ್ಟ ದಿನ ಅದರ ಎದುರು ಕೂರುವವರು ಬೇರೆ: ಶಾಲೆಯ ಐಟಿ ಸಂಯೋಜಕಿಯೋ, ಗ್ರಂಥಪಾಲಕರೋ, ಸಂಘದ ಗುಮಾಸ್ತರೋ. ಕಟ್ಟಿನ, ಅಂದರೆ ಯಂತ್ರಕ್ಕೆ ಹಾಕಿ ಕೊಡುವ ತಂತ್ರಾಂಶಗಳ ಗುಂಪಿನ, ಒಳಗೆ ಏನಿರಬೇಕು ಎಂದು ತೀರ್ಮಾನಿಸುವಾಗ ಅವರ ಬೆರಳುಗಳನ್ನು ಕಣ್ಣಮುಂದೆ ಇಟ್ಟುಕೊಳ್ಳಿ. ಮುಂದಿನ ಎಲ್ಲ ಹಂತಗಳೂ ಇದನ್ನೇ ನೆಚ್ಚಿಕೊಂಡಿವೆ.

ಕೆಲವು ಪದಗಳನ್ನು ಮೊದಲೇ ಬಿಡಿಸಿ ಹೇಳುತ್ತೇನೆ. ಪ್ಯಾಕೇಜ್ ಎಂದರೆ ಒಂದು ತಂತ್ರಾಂಶ, ಅದರ ಸೆಟ್ಟಿಂಗ್ ಫೈಲುಗಳು ಮತ್ತು ಅದಕ್ಕೆ ಇನ್ನೇನು ಬೇಕು ಎಂಬ ಪಟ್ಟಿ, ಇಷ್ಟನ್ನೂ ಸೇರಿಸಿದ ಪೊಟ್ಟಣ. ಇಂಥ ಪೊಟ್ಟಣಗಳ ಉಗ್ರಾಣಕ್ಕೆ ರೆಪಾಸಿಟರಿ ಎನ್ನುತ್ತಾರೆ. ಒಂದು ಪ್ಯಾಕೇಜ್ ನಡೆಯಲು ಇನ್ನೊಂದು ಬೇಕೇ ಬೇಕು ಎಂದಾದರೆ ಆ ಇನ್ನೊಂದು ಅದರ ಡಿಪೆಂಡೆನ್ಸಿ. ಟೆಕ್ಸ್ಟ್ ಎಡಿಟರ್ ಎಂದರೆ ಬಣ್ಣ, ದಪ್ಪಕ್ಷರ ಯಾವುದೂ ಇಲ್ಲದ ಬರೀ ಅಕ್ಷರಗಳ ಫೈಲನ್ನು ತಿದ್ದುವ ಸಾಧನ. ಲಿನಕ್ಸ್ ಸರ್ವರಿನ ಸೆಟ್ಟಿಂಗ್‌ಗಳೆಲ್ಲ ಇಂಥ ಫೈಲುಗಳಲ್ಲೇ ಇರುವುದರಿಂದ ಎಡಿಟರ್ ಇಲ್ಲದ ಸರ್ವರ್ ಕೀಲಿಕೈ ಕಳೆದ ಮನೆಯ ಹಾಗೆ. ಎಸ್‌ಎಸ್‌ಎಚ್ ಎಂದರೆ ಬೇರೆ ಕಂಪ್ಯೂಟರಿನಿಂದ ಸುರಕ್ಷಿತವಾಗಿ ಸರ್ವರಿನ ಒಳಗೆ ಹೋಗುವ ದಾರಿ.

ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಉದಾಹರಣೆಗಳು ಲಿನಕ್ಸಿನ ಒಂದು ರೂಪವಾದ ಡೆಬಿಯನ್‌ಗೆ ಸೇರಿದವು. ಅದನ್ನೇ ಆಧರಿಸಿದ ಉಬುಂಟುವಿನಲ್ಲೂ ಬಹುಪಾಲು ಹಾಗೆಯೇ ನಡೆಯುತ್ತದೆ.

ಬೇಕಾದ ಸಾಮಗ್ರಿ: ಪ್ರಯೋಗಕ್ಕೆ ಒಂದು ಹಳೆಯ ಕಂಪ್ಯೂಟರ್ ಅಥವಾ ವರ್ಚುವಲ್ ಯಂತ್ರ, ಒಂದು ಪೆನ್‌ಡ್ರೈವ್, ಒಂದು ನೋಟ್‌ಬುಕ್, ಬಿಡುವಾದ ಒಂದು ದಿನ. ನಿಜವಾದ ಸರ್ವರಿನ ಮೇಲೆ ನೇರ ಪ್ರಯೋಗ ಮಾಡಬೇಡಿ.

1. ಯಂತ್ರದ ಕೆಲಸ ಮತ್ತು ಮುಟ್ಟುವ ಕೈಗಳು

ನೋಟ್‌ಬುಕ್ಕಿನ ಒಂದು ಪುಟದಲ್ಲಿ ಎರಡು ಕಂಬಸಾಲು ಹಾಕಿ. ಎಡಗಡೆ ಯಂತ್ರ ಏನು ಮಾಡಬೇಕು: ಪುಸ್ತಕಗಳ ಕೆಟಲಾಗ್, ಫೈಲ್ ಹಂಚಿಕೆ, ಬ್ಯಾಕಪ್, ಹೀಗೆ. ಬಲಗಡೆ ಯಾರು ಅದನ್ನು ಮುಟ್ಟುತ್ತಾರೆ, ಅವರಿಗೆ ಏನು ಗೊತ್ತು, ಅವರು ಎಲ್ಲಿಂದ ಒಳಗೆ ಬರುತ್ತಾರೆ. "ವಿಂಡೋಸ್ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮೂಲಕ", "ನೇರ ಮಾನಿಟರ್ ಕೀಬೋರ್ಡ್ ಚುಚ್ಚಿ" ಎಂಬಷ್ಟು ವಿವರ ಇರಲಿ.

ಕೇರಳದ ಶಾಲೆಗಳಲ್ಲಿ ಕಲಿತವರಿಗೆ, ಕಲಿಸಿದವರಿಗೆ ಲಿನಕ್ಸಿನ ಡೆಸ್ಕ್‌ಟಾಪ್ ಹೊಸದಲ್ಲ. ಶಾಲೆಗಳಿಗೆ ಕೇರಳ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ಕೈಟ್ ಕೊಡುವ ವ್ಯವಸ್ಥೆಯೇ ಉಬುಂಟು ಆಧಾರಿತ. ಇದು ನಮ್ಮ ಜಿಲ್ಲೆಗೆ ದೊಡ್ಡ ಅನುಕೂಲ. ಆದರೆ ಡೆಸ್ಕ್‌ಟಾಪ್ ಗೊತ್ತಿದ್ದವರಿಗೆ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆ, ಗೊತ್ತಿರುತ್ತದೆ ಎಂದು ಭಾವಿಸಬೇಡಿ.

2. ತಳಪಾಯ ಸಣ್ಣದಿರಲಿ

ಡೆಬಿಯನ್ 13 ಬಂದದ್ದು 2025ರ ಆಗಸ್ಟಿನಲ್ಲಿ. ಡೆಬಿಯನ್‌ನ ಒಂದೊಂದು ಆವೃತ್ತಿಗೆ ಮೂರು ವರ್ಷ ಪೂರ್ತಿ ಬೆಂಬಲ, ನಂತರ ಎರಡು ವರ್ಷ ದೀರ್ಘಾವಧಿ ಬೆಂಬಲ ಇರುತ್ತದೆ. ಉಬುಂಟು ಬೇಕೆನ್ನುವವರು ಎಲ್‌ಟಿಎಸ್ ಆವೃತ್ತಿಯನ್ನೇ ಹಿಡಿಯಿರಿ. ಎಲ್‌ಟಿಎಸ್ ಎಂದರೆ ಐದು ವರ್ಷ ಭದ್ರತಾ ಪರಿಹಾರ ಸಿಗುವ ಆವೃತ್ತಿ. ಅಲ್ಲೊಂದು ಸೂಕ್ಷ್ಮವಿದೆ: ಆ ಐದು ವರ್ಷದ ಭರವಸೆ 'ಮೇನ್' ಎಂಬ ಉಗ್ರಾಣದ ಪ್ಯಾಕೇಜುಗಳಿಗೆ ಮಾತ್ರ. 'ಯೂನಿವರ್ಸ್' ಉಗ್ರಾಣದವು ಸ್ವಯಂಸೇವಕರ ಕೈಯಲ್ಲಿರುತ್ತವೆ. ಅವಕ್ಕೂ ಪೂರ್ತಿ ರಕ್ಷಣೆ ಬೇಕಾದರೆ ಉಬುಂಟು ಪ್ರೋಗೆ ನೋಂದಾಯಿಸಬೇಕು. ಕಟ್ಟಿಗೆ ಸೇರಿಸುವ ಪ್ರತಿ ಪ್ಯಾಕೇಜ್ ಯಾವ ಉಗ್ರಾಣದ್ದು ಎಂದು 'ಆಪ್ಟ್ ಪಾಲಿಸಿ' ಕಮಾಂಡಿನಿಂದ ನೋಡಿ ಬರೆದಿಟ್ಟುಕೊಳ್ಳಿ.

ಡೆಬಿಯನ್ ಹಾಕುವಾಗ ಕೊನೆಯಲ್ಲಿ ತಂತ್ರಾಂಶ ಆಯ್ಕೆಯ ಪರದೆ ಬರುತ್ತದೆ. ಅಲ್ಲಿ ಡೆಸ್ಕ್‌ಟಾಪಿನ ಗುರುತುಗಳನ್ನೆಲ್ಲ ತೆಗೆಯಿರಿ. ಎಸ್‌ಎಸ್‌ಎಚ್ ಸರ್ವರ್ ಮತ್ತು ಸ್ಟ್ಯಾಂಡರ್ಡ್ ಸಿಸ್ಟಮ್ ಯುಟಿಲಿಟೀಸ್ ಎರಡನ್ನೇ ಉಳಿಸಿ.

ಎಚ್ಚರಿಕೆ: ಅದಕ್ಕೂ ಮೊದಲು 'ರೂಟ್ ಪಾಸ್‌ವರ್ಡ್' ಕೇಳುವ ಪರದೆ ಇದೆ. ರೂಟ್ ಎಂದರೆ ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಖಾತೆ. ಅಲ್ಲಿ ಪಾಸ್‌ವರ್ಡ್ ಕೊಟ್ಟರೆ ಸುಡೋ, ಅಂದರೆ ಸಾಮಾನ್ಯ ಬಳಕೆದಾರ ಕೆಲ ಹೊತ್ತಿಗೆ ರೂಟ್ ಅಧಿಕಾರ ಪಡೆಯುವ ಸಾಧನ, ತಾನಾಗಿ ಬರುವುದಿಲ್ಲ. ಖಾಲಿ ಬಿಟ್ಟರೆ ಸುಡೋ ಬರುತ್ತದೆ, ಆದರೆ ರೂಟ್ ಖಾತೆಗೆ ಬೀಗ ಬೀಳುತ್ತದೆ. ಬಹಳ ಜನ ಖಾಲಿ ಬಿಡುತ್ತಾರೆ. ದಿನನಿತ್ಯಕ್ಕೆ ಅದರಿಂದ ತೊಂದರೆಯಿಲ್ಲ. ತೊಂದರೆ ಕಾಣುವುದು ಯಂತ್ರ ಏಳದ ದಿನ: ಎಮರ್ಜೆನ್ಸಿ ಮೋಡ್, ಅಂದರೆ ದುರಸ್ತಿಗಾಗಿ ಅರೆಬರೆ ಎದ್ದ ಸ್ಥಿತಿ, ರೂಟ್ ಪಾಸ್‌ವರ್ಡ್ ಕೇಳುತ್ತದೆ. ಬೀಗ ಬಿದ್ದ ಖಾತೆಯಾದರೆ ಒಳಗೇ ಬಿಡುವುದಿಲ್ಲ. ಎಂಥ ಒಳ್ಳೆಯ ಎಡಿಟರ್ ಹಾಕಿದ್ದರೂ ಅಲ್ಲಿಗೆ ತಲುಪಲಾಗುವುದಿಲ್ಲ. ದೂರದ ಊರುಗಳ ಯಂತ್ರಗಳಿಗೆ ನಾನು ರೂಟ್ ಪಾಸ್‌ವರ್ಡ್ ಕೊಡುತ್ತೇನೆ, ಅದನ್ನು ಲಕೋಟೆಯಲ್ಲಿ ಮುಚ್ಚಿ ಸಂಸ್ಥೆಯ ಬೀರುವಿನಲ್ಲಿ ಇಡಿಸುತ್ತೇನೆ, ಸುಡೋವನ್ನು ಬೇರೆಯಾಗಿ ಹಾಕುತ್ತೇನೆ. ಎಸ್‌ಎಸ್‌ಎಚ್ ಮೂಲಕ ರೂಟ್ ಪಾಸ್‌ವರ್ಡ್ ನಡೆಯದಂತೆ ಮುಚ್ಚಿಡುವುದು ಇದರ ಜೊತೆಗೇ ಬರಬೇಕಾದ ಕೆಲಸ.

3. ಎಡಿಟರ್ ಆರಿಸುವುದು

ಇಲ್ಲಿ ಸ್ವಲ್ಪ ನಿಲ್ಲೋಣ. ಹೆಚ್ಚಿನ ಪ್ರಶ್ನೆಗಳು ಬರುವುದೂ ಇಲ್ಲಿಂದಲೇ.

ನ್ಯಾನೋ. ಪರದೆಯ ಕೆಳಗೆ ಎರಡು ಸಾಲಿನಲ್ಲಿ ಯಾವ ಕೀಲಿ ಏನು ಮಾಡುತ್ತದೆ ಎಂದು ಬರೆದೇ ಇರುತ್ತದೆ. ಪೈಕೋ ಎಂಬ ಹಳೆಯ ಎಡಿಟರಿನ ಪರವಾನಗಿ ಮುಕ್ತವಾಗಿರಲಿಲ್ಲ ಎಂಬ ಕಾರಣಕ್ಕೆ 1999ರಲ್ಲಿ ಕ್ರಿಸ್ ಅಲೆಗ್ರೆಟ್ಟ ಇದನ್ನು ಬರೆಯತೊಡಗಿದರು. ಕೆಲವೇ ಎಂಬಿ ಗಾತ್ರ. ಕಂಟ್ರೋಲ್ ಓ ಉಳಿಸುತ್ತದೆ, ಕಂಟ್ರೋಲ್ ಎಕ್ಸ್ ಹೊರಗೆ ಬರುತ್ತದೆ. ಪರದೆಯಲ್ಲಿ ಕಾಣುವ ಮೇಲ್ಮುಖ ಬಾಣದಂಥ ಗುರುತು ಕಂಟ್ರೋಲ್ ಕೀಲಿಯದ್ದು, ಎಂ ಎಂಬುದು ಆಲ್ಟ್ ಕೀಲಿಯದ್ದು. ಇಷ್ಟನ್ನು ಹೇಳಿಕೊಟ್ಟರೆ ಯಾರೂ ಬಳಸಬಲ್ಲರು. ಒಂದು ಹಳೆಯ ದೋಷ ಮಾತ್ರ ನೆನಪಿರಲಿ: 2019ರಲ್ಲಿ ಬಂದ ನಾಲ್ಕನೇ ಆವೃತ್ತಿಗಿಂತ ಹಿಂದಿನ ನ್ಯಾನೋ ಉದ್ದ ಸಾಲುಗಳನ್ನು ತಾನಾಗಿ ಮುರಿಯುತ್ತಿತ್ತು. ಸೆಟ್ಟಿಂಗ್ ಫೈಲಿನಲ್ಲಿ ಸಾಲು ಮುರಿದರೆ ಅರ್ಥವೇ ಕೆಟ್ಟುಹೋಗುತ್ತದೆ. ನಿಮ್ಮಲ್ಲಿ ಅಷ್ಟು ಹಳೆಯ ಯಂತ್ರ ಇನ್ನೂ ಉಳಿದಿದ್ದರೆ ಡಬ್ಲ್ಯೂ ಆಯ್ಕೆಯೊಂದಿಗೆ ತೆರೆಯಿರಿ.

ವಿಐ ಮತ್ತು ವಿಮ್. ವಿಐ 1976ರಲ್ಲಿ ಬಿಲ್ ಜಾಯ್ ಬರೆದದ್ದು, ವಿಮ್ 1991ರಲ್ಲಿ ಬ್ರಾಮ್ ಮೂಲೆನಾರ್ ಹೊರತಂದದ್ದು. ಕಲಿತವರ ಕೈಯಲ್ಲಿ ಇದಕ್ಕಿಂತ ವೇಗದ ಸಾಧನ ಸಿಗುವುದು ಕಷ್ಟ. ಕಲಿಯದವರಿಗೆ ಹೊರಬರುವ ದಾರಿಯೇ ತಿಳಿಯುವುದಿಲ್ಲ. ಎಸ್ಕೇಪ್ ಒತ್ತಿ, ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ, ಎಂಟರ್. ಉಳಿಸದೆ ಹೊರಬರುವ ಈ ಐದು ಒತ್ತುಗಳನ್ನು ಯಂತ್ರದ ಮೇಲೆ ಅಂಟಿಸುವ ಕಾಗದದಲ್ಲಿ ಬರೆಯಲೇಬೇಕು.

ಡೆಬಿಯನ್‌ನಲ್ಲಿ ಮೊದಲಿನಿಂದ ಬರುವುದು ವಿಮ್-ಟೈನಿ ಎಂಬ ಕಿರಿಯ ರೂಪ. "ವಿಐ ಕೆಟ್ಟಿದೆ, ಬಾಣದ ಕೀಲಿ ಒತ್ತಿದರೆ ಎ, ಬಿ, ಸಿ, ಡಿ ಅಕ್ಷರ ಬೀಳುತ್ತದೆ" ಎಂದು ನನಗೆ ದೂರು ಬಂದದ್ದಿದೆ. ಕೆಟ್ಟದ್ದೇನೂ ಅಲ್ಲ. ಅದು ಹಳೆಯ ವಿಐಯ ಹಾಗೆಯೇ ನಡೆದುಕೊಳ್ಳುವಂತೆ ಹೊಂದಿಸಲ್ಪಟ್ಟಿದೆ. ಪೂರ್ತಿ ವಿಮ್ ಹಾಕಿದರೆ ಈ ತೊಂದರೆ ಹೋಗುತ್ತದೆ, ಬಣ್ಣದ ಗುರುತುಗಳೂ ಬರುತ್ತವೆ. ವಿಮ್-ರನ್‌ಟೈಮ್ ಎಂಬ ಜೊತೆಗಾರನ ಸಮೇತ 40 ಎಂಬಿಯ ಆಸುಪಾಸು ಜಾಗ ಹೋಗುತ್ತದೆ. ಈಗಿನ ಡಿಸ್ಕುಗಳಲ್ಲಿ ಅದು ಲೆಕ್ಕಕ್ಕಿಲ್ಲ. ಆದರೆ ಪೂರ್ತಿ ವಿಮ್‌ಗೆ ಇನ್ನೊಂದು ಅಭ್ಯಾಸವಿದೆ: ಮೌಸಿನ ಹಿಡಿತವನ್ನು ತಾನೇ ತೆಗೆದುಕೊಳ್ಳುತ್ತದೆ. ಎಸ್‌ಎಸ್‌ಎಚ್ ಕಿಟಕಿಯಲ್ಲಿ ಅಕ್ಷರಗಳನ್ನು ಆಯ್ದು ನಕಲಿಸಲು ಹೋದರೆ ಆಗುವುದಿಲ್ಲ. ಶಿಫ್ಟ್ ಹಿಡಿದುಕೊಂಡು ಆಯ್ದರೆ ಹೆಚ್ಚಿನ ಟರ್ಮಿನಲ್‌ಗಳಲ್ಲಿ ಆಗುತ್ತದೆ.

ಈಮ್ಯಾಕ್ಸ್. ನನಗೆ ಪ್ರಿಯವಾದದ್ದು ಇದೇ, ಆದರೂ ಕಟ್ಟಿನಲ್ಲಿ ಎಲ್ಲರಿಗೂ ಹಾಕುವುದಿಲ್ಲ. ಕೇಳಿದವರಿಗೆ ಮಾತ್ರ, ಅದೂ ಕಿಟಕಿಗಳ ಸರಂಜಾಮು ಇಲ್ಲದ 'ಈಮ್ಯಾಕ್ಸ್-ನಾಕ್ಸ್' ಪ್ಯಾಕೇಜನ್ನು ಹಾಕಿ. ಹೆಸರು ಗಮನಿಸದೆ ಬರೀ 'ಈಮ್ಯಾಕ್ಸ್' ಎಂದು ಕೊಟ್ಟರೆ ಚಿತ್ರ, ಫಾಂಟ್, ಕಿಟಕಿ ಎಂದು ಡಿಪೆಂಡೆನ್ಸಿಗಳ ಮೆರವಣಿಗೆಯೇ ಬರುತ್ತದೆ.

ತನ್ನ ಲ್ಯಾಪ್‌ಟಾಪಿನ ವಿಎಸ್ ಕೋಡ್ ಎಂಬ ಎಡಿಟರಿನಿಂದಲೇ ಸರ್ವರಿನ ಫೈಲು ತೆರೆಯುವವರೂ ಇದ್ದಾರೆ. ಅನುಕೂಲ ನಿಜ. ಅದು ಸರ್ವರಿನಲ್ಲೂ ತನ್ನ ಒಂದು ಭಾಗವನ್ನು ನೆಡುತ್ತದೆ. ಕನಿಷ್ಠ 1 ಜಿಬಿ ರ‍್ಯಾಮ್ ಬೇಕು, 2 ಜಿಬಿ ಇದ್ದರೆ ಒಳ್ಳೆಯದು ಎಂಬುದು ತಯಾರಕರದೇ ಸೂಚನೆ. ಹಳೆಯ ಯಂತ್ರಕ್ಕೆ ಜೀವಬಂದದ್ದೇ ಭಾಗ್ಯ ಎಂಬಂಥ ಕಡೆ ಇದನ್ನು ನೆಚ್ಚಬೇಡಿ.

ಹಾಗಾದರೆ ನನ್ನ ತೀರ್ಮಾನ: ನ್ಯಾನೋ ಮೊದಲ ಎಡಿಟರ್, ಪೂರ್ತಿ ವಿಮ್ ಎರಡನೆಯದು. ಎರಡೂ ಇರಲಿ. ನೀವು ದಿನವಿಡೀ ವಿಮ್ ಬಳಸುವವರಾದರೂ ಯಂತ್ರದ ಸಾಮಾನ್ಯ ಎಡಿಟರನ್ನು ನ್ಯಾನೋ ಆಗಿಯೇ ಬಿಡಿ. ಡೆಬಿಯನ್‌ನಲ್ಲಿ ವಿಮ್ ಹಾಕಿದ ಮೇಲೂ ನ್ಯಾನೋಗೇ ಆದ್ಯತೆ ಹೆಚ್ಚು. ಬದಲಿಸಬೇಕೆಂದರೆ 'ಅಪ್‌ಡೇಟ್-ಆಲ್ಟರ್ನೇಟಿವ್ಸ್' ಕಮಾಂಡಿಗೆ 'ಕಾನ್ಫಿಗ್ ಎಡಿಟರ್' ಎಂದು ಹೇಳಬೇಕು. ಅದು ಇಡೀ ಯಂತ್ರಕ್ಕೆ. ನಿಮಗೊಬ್ಬರಿಗೆ ಮಾತ್ರ ಬೇಕಾದರೆ 'ಸೆಲೆಕ್ಟ್-ಎಡಿಟರ್' ಸಾಕು.

ಎಡಿಟರಿನಲ್ಲಿ ಜನ ಸಿಕ್ಕಿಬೀಳುವ ಜಾಗಗಳು:

ಕಂಟ್ರೋಲ್ ಎಸ್. ವಿಂಡೋಸಿನ ಅಭ್ಯಾಸದಲ್ಲಿ ಉಳಿಸಲು ಇದನ್ನು ಒತ್ತುತ್ತಾರೆ. ಈಗಿನ ನ್ಯಾನೋದಲ್ಲಿ ನಡೆಯುತ್ತದೆ. ಟರ್ಮಿನಲ್ಲಿನ ಉಳಿದ ಕಡೆ ಇದು ಪರದೆಯನ್ನೇ ನಿಲ್ಲಿಸುವ ಹಳೆಯ ಸಂಕೇತ. ಏನು ಒತ್ತಿದರೂ ಅಲುಗಾಡುವುದಿಲ್ಲ. ಯಂತ್ರ ಸತ್ತಿತೆಂದು ಸ್ವಿಚ್ ಆರಿಸಿದವರನ್ನು ಕಂಡಿದ್ದೇನೆ. ಕಂಟ್ರೋಲ್ ಕ್ಯೂ ಒತ್ತಿದರೆ ಪರದೆ ಮತ್ತೆ ನಡೆಯುತ್ತದೆ.

ವಿಂಡೋಸಿನಲ್ಲಿ ತಿದ್ದಿ ತಂದ ಫೈಲು. ವಿಂಡೋಸ್ ಸಾಲಿನ ಕೊನೆಗೆ ಎರಡು ಗುಪ್ತ ಚಿಹ್ನೆ ಹಾಕುತ್ತದೆ, ಲಿನಕ್ಸ್ ಒಂದನ್ನೇ. ಆ ಹೆಚ್ಚುವರಿ ಚಿಹ್ನೆ ಕಣ್ಣಿಗೆ ಕಾಣದು, ಸ್ಕ್ರಿಪ್ಟ್, ಅಂದರೆ ಕಮಾಂಡುಗಳನ್ನು ಬರೆದಿಟ್ಟ ಫೈಲು, ಮಾತ್ರ ಓಡುವುದಿಲ್ಲ. 'ಡಾಸ್ ಟು ಯುನಿಕ್ಸ್' ಎಂಬ ಪುಟ್ಟ ಪ್ಯಾಕೇಜ್ ಇದಕ್ಕೆ ಮದ್ದು. ಕಟ್ಟಿನಲ್ಲಿ ಇರಲೇಬೇಕು.

ಎಡಿಟರ್ ಬಿಟ್ಟುಹೋಗುವ ಬಾಲಗಳು. ಈಮ್ಯಾಕ್ಸ್ ಹಳೆಯ ಪ್ರತಿಯನ್ನು ಹೆಸರಿನ ಕೊನೆಗೊಂದು ಅಲೆಗೆರೆ ಹಾಕಿ ಪಕ್ಕದಲ್ಲೇ ಇಡುತ್ತದೆ. ವಿಮ್ ತೆರೆದಿರುವಾಗ ಸ್ವಾಪ್ ಎಂಬ ತಾತ್ಕಾಲಿಕ ಫೈಲು ಇಡುತ್ತದೆ, ಕರೆಂಟ್ ಹೋದರೆ ಅದು ಅಲ್ಲೇ ಉಳಿಯುತ್ತದೆ. ವೆಬ್‌ಸೈಟಿನ ಫೋಲ್ಡರಿನಲ್ಲಿ ಇಂಥ ಪ್ರತಿ ಉಳಿದರೆ ಪಾಸ್‌ವರ್ಡ್ ಇರುವ ಫೈಲನ್ನು ಹೊರಗಿನವರು ಬ್ರೌಸರಿನಲ್ಲೇ ಓದುವ ಅಪಾಯವಿದೆ. ತಮ್ಮ ಸೆಟ್ಟಿಂಗ್ ಫೋಲ್ಡರಿನಲ್ಲಿರುವ ಎಲ್ಲವನ್ನೂ ಓದುವ, ವೆಬ್‌ಸೈಟ್ ನಡೆಸುವ ಎನ್‌ಜಿನ್‌ಎಕ್ಸ್‌ನಂಥ ಸೇವೆಗಳು ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಓದಿ ತಗಾದೆ ತೆಗೆಯುತ್ತವೆ.

ಸುಡೋ ಕೊಟ್ಟು ಎಡಿಟರ್ ಬಿಡುವುದು. "ಈ ಒಂದು ಫೈಲು ತಿದ್ದಲು ಮಾತ್ರ ಅಧಿಕಾರ ಕೊಡೋಣ" ಎಂದು ಒಬ್ಬರಿಗೆ ವಿಮ್ ಅನ್ನು ಸುಡೋದಲ್ಲಿ ಓಡಿಸಲು ಬಿಟ್ಟರೆ ಇಡೀ ಯಂತ್ರವನ್ನೇ ಬಿಟ್ಟುಕೊಟ್ಟ ಹಾಗೆ. ವಿಮ್‌ನ ಒಳಗಿಂದಲೇ ಬೇರೆ ಯಾವ ಕಮಾಂಡನ್ನೂ ಓಡಿಸಬಹುದು. ನ್ಯಾನೋದಲ್ಲೂ ಆ ದಾರಿ ಇದೆ. ಇದಕ್ಕೆಂದೇ 'ಸುಡೋಎಡಿಟ್' ಇದೆ. ಅದು ಫೈಲಿನ ಪ್ರತಿಯನ್ನು ಬಳಕೆದಾರರ ಅಧಿಕಾರದಲ್ಲೇ ತೆರೆದು, ಮುಗಿದ ಮೇಲೆ ಮೂಲದ ಜಾಗಕ್ಕೆ ಬರೆಯುತ್ತದೆ. ಸುಡೋದ ಸ್ವಂತ ಸೆಟ್ಟಿಂಗನ್ನು 'ವಿಸುಡೋ' ಬಿಟ್ಟು ಬೇರೆ ಯಾವುದರಲ್ಲೂ ತೆರೆಯಬೇಡಿ. ವಿಸುಡೋ ಉಳಿಸುವ ಮೊದಲು ತಪ್ಪು ಹುಡುಕುತ್ತದೆ. ನೇರ ನ್ಯಾನೋದಲ್ಲಿ ತಿದ್ದಿ ಒಂದು ಅಲ್ಪವಿರಾಮ ತಪ್ಪಿದರೂ ಸುಡೋವೇ ಕೈಕೊಡಬಹುದು.

4. ಕನ್ನಡ ಅಕ್ಷರಗಳ ಪರೀಕ್ಷೆ

ಬೇರೆ ಕಡೆಯ ಮಾರ್ಗದರ್ಶಿಗಳಲ್ಲಿ ಈ ಹಂತ ಸಿಗುವುದಿಲ್ಲ. ಕನ್ನಡ, ಮಲಯಾಳ ಎರಡೂ ಒಂದೇ ರಿಜಿಸ್ಟರಿನಲ್ಲಿ ಬರುವ ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಡುವ ಹಾಗಿಲ್ಲ.

ಮಾನಿಟರನ್ನು ನೇರ ಸರ್ವರಿಗೆ ಚುಚ್ಚಿದಾಗ ಕಾಣುವ ಕಪ್ಪು ಪರದೆಯಲ್ಲಿ ಕನ್ನಡ ಮೂಡುವುದಿಲ್ಲ. ಲಿನಕ್ಸಿನ ಆ ಪರದೆ ಒಮ್ಮೆಗೆ ಹೆಚ್ಚೆಂದರೆ 512 ಅಕ್ಷರ ರೂಪಗಳನ್ನು ಇಟ್ಟುಕೊಳ್ಳಬಲ್ಲದು, ಒತ್ತಕ್ಷರ ಜೋಡಿಸುವ ಶಕ್ತಿ ಅದಕ್ಕಿಲ್ಲ. ಚೌಕಗಳು ಕಂಡರೆ ಫೈಲು ಹಾಳಾಗಿದೆ ಎಂದು ಅಳಿಸಬೇಡಿ. ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮೂಲಕ ಬಂದು ನೋಡಿ. ಅಲ್ಲೂ ಪೂರ್ತಿ ನೆಮ್ಮದಿ ಇಲ್ಲ: ಟರ್ಮಿನಲ್ ಪ್ರತಿ ಅಕ್ಷರಕ್ಕೂ ಸಮಗಾತ್ರದ ಮನೆ ಹಾಕಿ ಕೂರಿಸುವುದರಿಂದ ಒತ್ತಕ್ಷರ ಬಂದಲ್ಲಿ ಕರ್ಸರ್ ಒಂದೆರಡು ಮನೆ ಆಚೀಚೆ ನಿಲ್ಲುತ್ತದೆ. ನೀವು ಅಳಿಸಿದೆ ಅಂದುಕೊಂಡದ್ದು ಒಂದು, ಅಳಿಸಿಹೋದದ್ದು ಇನ್ನೊಂದು. ಹಾಗಾಗಿ ಕನ್ನಡದ ಉದ್ದ ಬರಹವನ್ನು ಡೆಸ್ಕ್‌ಟಾಪಿನ ಎಡಿಟರಿನಲ್ಲಿ ತಿದ್ದಿ ಸರ್ವರಿಗೆ ಕಳಿಸಿ. ಈಮ್ಯಾಕ್ಸಿನ ಕಿಟಕಿ ರೂಪ 2020ರ 27ನೇ ಆವೃತ್ತಿಯಿಂದ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣಾ ಸಾಧನವನ್ನು ಬಳಸುತ್ತಿದ್ದು ಕನ್ನಡವನ್ನು ಚೆನ್ನಾಗಿ ತೋರಿಸುತ್ತದೆ. ಕನ್ನಡ ಇನ್‌ಸ್ಕ್ರಿಪ್ಟ್ ಕೀಲಿವಿನ್ಯಾಸವೂ ಅದರೊಳಗೇ ಇದೆ.

ಯಂತ್ರದ ಭಾಷಾ ಸೆಟ್ಟಿಂಗ್ ಯುಟಿಎಫ್-8, ಅಂದರೆ ಎಲ್ಲ ಲಿಪಿಗಳನ್ನೂ ಬೈಟುಗಳಲ್ಲಿ ಇಡುವ ಕ್ರಮ, ಆಗಿರಲಿ. ಯಂತ್ರದ ಸಂದೇಶಗಳು ಮಾತ್ರ ಇಂಗ್ಲಿಷಿನಲ್ಲೇ ಇರಲಿ ಎಂಬುದು ನನ್ನ ಅಭಿಪ್ರಾಯ. ನಮ್ಮ ಭಾಷೆಯ ಮೇಲಿನ ಪ್ರೀತಿ ಕಡಿಮೆಯಾಗಿ ಹೇಳುತ್ತಿಲ್ಲ. ದೋಷದ ಸಂದೇಶವನ್ನು ಇದ್ದ ಹಾಗೆ ಹುಡುಕಿದರೆ ಪರಿಹಾರ ಬೇಗ ಸಿಗುತ್ತದೆ.

ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. 'ಕಾಸರಗೋಡು' ಎಂದರೆ ಎಂಟು ಸಂಕೇತ, 24 ಬೈಟ್. ಲಿನಕ್ಸಿನ ಸಾಮಾನ್ಯ ಡಿಸ್ಕ್ ವ್ಯವಸ್ಥೆಯಲ್ಲಿ ಫೈಲಿನ ಹೆಸರಿಗೆ 255 ಬೈಟಿನ ಮಿತಿ. ಅಂದರೆ ಕನ್ನಡದ ಹೆಸರು 85 ಸಂಕೇತ ಮೀರಬಾರದು, ಸ್ವರಚಿಹ್ನೆ ಮತ್ತು ಒತ್ತಕ್ಷರ ಮಾಡುವ ಹಲಂತ ಚಿಹ್ನೆಗಳೂ ಈ ಲೆಕ್ಕದಲ್ಲಿ ಸೇರಿ. ಸಭೆಯ ನಡಾವಳಿಯ ಇಡೀ ಶೀರ್ಷಿಕೆಯನ್ನೇ ಫೈಲಿನ ಹೆಸರಾಗಿಸುವ ರೂಢಿ ಇದ್ದಲ್ಲಿ ಬ್ಯಾಕಪ್ ಮುರಿದುಬೀಳುವುದು ಇದರಿಂದ.

ಇನ್ನೊಂದು ಕಾಣದ ಹೊಂಡ. 'ಕೋ' ಎಂಬುದನ್ನು ಎರಡು ಸಂಕೇತಗಳಲ್ಲಿ ಬರೆಯಬಹುದು: ಕ, ಮತ್ತು ಓಕಾರದ ಒಂದೇ ಚಿಹ್ನೆ. ಅದೇ ಓಕಾರವನ್ನು ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಬಿಡಿಸಿ ನಾಲ್ಕು ಸಂಕೇತಗಳಲ್ಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಹಳೆಯ ಮ್ಯಾಕ್ ಡಿಸ್ಕುಗಳು ಹೆಸರನ್ನು ಬಿಡಿಸಿಯೇ ಇಡುತ್ತಿದ್ದವು. ಅಲ್ಲಿಂದ ಬಂದ ಫೈಲುಗಳಲ್ಲಿ 'ಕೋಟೆ' ಎಂದು ಹುಡುಕಿದರೆ ಎದುರಿಗಿದ್ದರೂ ಸಿಗುವುದಿಲ್ಲ. ಹೆಸರುಗಳನ್ನು ಕೂಡಿಸಲು 'ಕನ್ವ್‌ಎಂವಿ' ಪ್ಯಾಕೇಜ್, ಒಳಗಿನ ಬರಹಕ್ಕೆ 'ಐಸಿಯು-ಡೆವ್‌ಟೂಲ್ಸ್' ಪ್ಯಾಕೇಜಿನ 'ಯುಕಾನ್ವ್' ಸಾಧನ ಇಟ್ಟುಕೊಳ್ಳಿ.

ಫಾಂಟುಗಳು ಸರ್ವರಿಗೆ ಸಾಮಾನ್ಯವಾಗಿ ಬೇಡ. ಸರ್ವರೇ ರಸೀದಿ, ಪ್ರಮಾಣಪತ್ರಗಳ ಪಿಡಿಎಫ್ ತಯಾರಿಸುವುದಾದರೆ ಮಾತ್ರ ಬೇಕು. ಆಗ ಕನ್ನಡಕ್ಕೆ ಗುಬ್ಬಿ ಇರುವ 'ಫಾಂಟ್ಸ್-ಗುಬ್ಬಿ', ಮಲಯಾಳಕ್ಕೆ 'ಫಾಂಟ್ಸ್-ಎಸ್‌ಎಂಸಿ' ಹಾಕಿ. ಎರಡರಲ್ಲಿ ಒಂದನ್ನು ಮರೆತರೆ ಅರ್ಧ ಹೆಸರು ಚೌಕವಾಗಿ ಅಚ್ಚಾಗುತ್ತದೆ.

5. ಉಳಿದ ಪ್ಯಾಕೇಜುಗಳು

ಎಡಿಟರಿನಷ್ಟು ಯೋಚಿಸಬೇಕಾಗಿಲ್ಲ. ನನ್ನ ಕಟ್ಟಿನಲ್ಲಿ ಇರುವವು ಇವು: ಸುಡೋ, ಎಸ್‌ಎಸ್‌ಎಚ್ ಸರ್ವರ್, ಉದ್ದ ಫೈಲನ್ನು ಪುಟಪುಟವಾಗಿ ಓದಲು ಲೆಸ್, ಕೈಪಿಡಿ ಪುಟಗಳಿಗೆ ಮ್ಯಾನ್-ಡಿಬಿ, ಪ್ರತಿ ತೆಗೆಯಲು ಆರ್‌ಸಿಂಕ್, ಅಂತರ್ಜಾಲದಿಂದ ಫೈಲು ತರಲು ಕರ್ಲ್, ಯಂತ್ರದ ಉಸಿರಾಟ ನೋಡಲು ಎಚ್‌ಟಾಪ್, ಡಿಸ್ಕಿನ ಆರೋಗ್ಯಕ್ಕೆ ಸ್ಮಾರ್ಟ್‌ಮಾನ್‌ಟೂಲ್ಸ್. ಭದ್ರತಾ ಪರಿಹಾರಗಳನ್ನು ತಾನಾಗಿ ಹಾಕಿಕೊಳ್ಳುವ 'ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್' ಇಲ್ಲದೆ ಯಾವ ಯಂತ್ರವನ್ನೂ ನಾನು ಕೊಡುವುದಿಲ್ಲ.

ಮೂರು ಪ್ಯಾಕೇಜುಗಳ ಬಗ್ಗೆ ಮಾತ್ರ ಹೆಚ್ಚು ಹೇಳಬೇಕು.

ಟೀಮಕ್ಸ್: ಎಸ್‌ಎಸ್‌ಎಚ್ ಸಂಪರ್ಕ ಕಡಿದರೂ ಒಳಗೆ ಕೆಲಸ ಮುಂದುವರಿಯುವಂತೆ ಹಿಡಿದಿಡುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ನಮ್ಮಲ್ಲಿ ಹೊಸದಲ್ಲ. ಅಪ್‌ಗ್ರೇಡ್ ನಡುವೆ ಕಡಿದರೆ ಪ್ಯಾಕೇಜುಗಳು ಅರ್ಧ ಹೊಂದಿಕೊಂಡು ನಿಲ್ಲುತ್ತವೆ. ಹಾಗಾದರೆ 'ಡಿಪಿಕೆಜಿ ಕಾನ್ಫಿಗರ್' ಕಮಾಂಡಿಗೆ ಎ ಆಯ್ಕೆ ಕೊಟ್ಟು ಪೂರ್ತಿ ಮಾಡಿಸಿ. ಟೀಮಕ್ಸ್ ಒಳಗೆ ಓಡಿಸಿದ್ದರೆ ಆ ಪರಿಸ್ಥಿತಿಯೇ ಬರುವುದಿಲ್ಲ.

ನಟ್: ಯುಪಿಎಸ್ ಜೊತೆ ಮಾತಾಡಿ ಬ್ಯಾಟರಿ ಮುಗಿಯುವ ಮೊದಲು ಸರ್ವರನ್ನು ಕ್ರಮವಾಗಿ ಆರಿಸುತ್ತದೆ. ತುಲಾ ಮಾಸದ ಸಂಜೆಯ ಗುಡುಗು ಮಿಂಚು ಕಂಡವರಿಗೆ ಕಾರಣ ವಿವರಿಸಬೇಕಾಗಿಲ್ಲ. ಯುಪಿಎಸ್ ಕೊಳ್ಳುವಾಗ ಯುಎಸ್‌ಬಿ ಸಂಪರ್ಕ ಇದೆಯೇ ನೋಡಿ, ಇಲ್ಲದಿದ್ದರೆ ನಟ್ ಇದ್ದೂ ಉಪಯೋಗವಿಲ್ಲ.

ಈಟಿಸಿ-ಕೀಪರ್: ಸೆಟ್ಟಿಂಗ್ ಫೈಲುಗಳಿರುವ ಫೋಲ್ಡರಿನ ಬದಲಾವಣೆಗಳನ್ನು ಗಿಟ್ ಎಂಬ ಇತಿಹಾಸ ಇಡುವ ಸಾಧನದ ಮೂಲಕ ದಾಖಲಿಸುತ್ತದೆ. ಯಾರೋ ಎಡಿಟರಿನಲ್ಲಿ ಏನೋ ಬದಲಿಸಿ ನಿಂತುಹೋದಾಗ ನಿನ್ನೆ ಹೇಗಿತ್ತು ಎಂದು ನೋಡಬಹುದು. ಹೊಸಬರ ಕೈಗೆ ಎಡಿಟರ್ ಕೊಡುವ ಧೈರ್ಯ ನನಗೆ ಬಂದದ್ದು ಇದರಿಂದಲೇ.

ಬೇಡದವು: ಟೆಲ್ನೆಟ್ ಸರ್ವರ್, ಹಳೆಯ ಎಫ್‌ಟಿಪಿ ಸರ್ವರ್, ಡೆಸ್ಕ್‌ಟಾಪ್, "ಮುಂದೆ ಬೇಕಾದೀತು" ಎಂದು ಹಾಕುವ ಯಾವುದೂ. ಹಾಕಿದ ಪ್ರತಿ ಸೇವೆಯೂ ನೆಟ್‌ವರ್ಕಿಗೆ ಒಂದು ಬಾಗಿಲು ತೆರೆಯಬಹುದು. 'ಎಸ್‌ಎಸ್' ಕಮಾಂಡಿನಿಂದ ಯಾವ ಬಾಗಿಲುಗಳು ತೆರೆದಿವೆ ಎಂದು ನೋಡಿ, ಪ್ರತಿಯೊಂದರ ಕಾರಣ ನಿಮ್ಮ ನೋಟ್‌ಬುಕ್ಕಿನಲ್ಲಿ ಇದೆಯೇ ಹೋಲಿಸಿ.

6. ಹಾಕುವ ಮೊದಲು ನಾಟಕ ನೋಡಿ

ಆಪ್ಟ್‌ಗೆ ಎಸ್ ಆಯ್ಕೆ ಕೊಟ್ಟರೆ ಏನನ್ನೂ ಹಾಕದೆ ಏನೇನು ಬರುತ್ತಿತ್ತು ಎಂದು ಮಾತ್ರ ತೋರಿಸುತ್ತದೆ. ಪಟ್ಟಿ ವಿಪರೀತ ಉದ್ದವಾದರೆ ನಿಲ್ಲಿಸಿ ಯೋಚಿಸಿ.

ಡೆಬಿಯನ್ ಕಡ್ಡಾಯವಾದ ಡಿಪೆಂಡೆನ್ಸಿಗಳ ಜೊತೆಗೆ 'ಇದ್ದರೆ ಒಳ್ಳೆಯದು' ಎಂಬ ಶಿಫಾರಸುಗಳನ್ನೂ ತರುತ್ತದೆ. 'ನೋ ಇನ್‌ಸ್ಟಾಲ್ ರೆಕಮೆಂಡ್ಸ್' ಆಯ್ಕೆ ಕೊಟ್ಟರೆ ಶಿಫಾರಸುಗಳು ಬರುವುದಿಲ್ಲ, ಕಟ್ಟು ಹಗುರವಾಗುತ್ತದೆ. ಆದರೆ ಕಣ್ಣುಮುಚ್ಚಿ ಕೊಡಬೇಡಿ. ತೀರಾ ಸಣ್ಣ ತಳಪಾಯದ ಮೇಲೆ ಕರ್ಲ್ ಅನ್ನು ಹೀಗೆ ಹಾಕಿದರೆ 'ಸಿಎ-ಸರ್ಟಿಫಿಕೇಟ್ಸ್' ಬಾರದೆ ಉಳಿಯಬಹುದು. ಸುರಕ್ಷಿತ ತಾಣಗಳ ಗುರುತು ಪರೀಕ್ಷಿಸುವ ಪಟ್ಟಿ ಅದು. ಅದಿಲ್ಲದೆ ಕರ್ಲ್ ಪ್ರತಿ ಸುರಕ್ಷಿತ ತಾಣವನ್ನೂ ನಿರಾಕರಿಸುತ್ತದೆ. ಆಗ ಕೆಲವರು ಪರೀಕ್ಷೆಯನ್ನೇ ಆರಿಸುವ ಆಯ್ಕೆ ಬಳಸುತ್ತಾರೆ. ಅದು ಬಾಗಿಲು ಜಾಮ್ ಆಯಿತೆಂದು ಬಾಗಿಲನ್ನೇ ಕಿತ್ತಿಡುವ ಕೆಲಸ, ಮಾಡಬೇಡಿ.

7. ಕಟ್ಟು ಕಟ್ಟುವುದು

ಒಂದೇ ಯಂತ್ರವಾದರೆ ಪ್ಯಾಕೇಜುಗಳ ಹೆಸರನ್ನು ಸಾಲಿಗೊಂದರಂತೆ ಒಂದು ಫೈಲಿನಲ್ಲಿ ಬರೆದಿಟ್ಟರೆ ಸಾಕು. ನಾಲ್ಕೈದು ಕಡೆಗೆ ಕೊಡುವುದಾದರೆ 'ಇಕ್ವಿವ್ಸ್' ಸಾಧನದಿಂದ ಮೆಟಾ ಪ್ಯಾಕೇಜ್ ಮಾಡಿ. ಮೆಟಾ ಪ್ಯಾಕೇಜಿನ ಒಳಗೆ ತಂತ್ರಾಂಶ ಇರುವುದಿಲ್ಲ, ಬೇಕಾದವುಗಳ ಪಟ್ಟಿ ಮಾತ್ರ. ಅದೊಂದನ್ನು ಹಾಕಿದರೆ ಉಳಿದವು ಹಿಂದೆ ಬರುತ್ತವೆ. ಹತ್ತಾರು ಯಂತ್ರಗಳಿದ್ದರೆ ಡೆಬಿಯನ್‌ನ ಪ್ರಿಸೀಡ್ ಫೈಲು ಕಲಿಯಿರಿ. ಸ್ಥಾಪನೆಯ ಪ್ರಶ್ನೆಗಳಿಗೆಲ್ಲ ಮೊದಲೇ ಉತ್ತರ ಬರೆದಿಟ್ಟ ಹಾಳೆ ಅದು.

ಒಂದು ಡಿಸ್ಕನ್ನು ಸಿದ್ಧಮಾಡಿ ಉಳಿದವಕ್ಕೆ ನಕಲಿಸುವವರಿಗೆ ದೊಡ್ಡ ಎಚ್ಚರಿಕೆ: ಎಸ್‌ಎಸ್‌ಎಚ್‌ನ ಗುರುತುಕೀಲಿಗಳೂ ಮಷೀನ್-ಐಡಿ ಎಂಬ ಯಂತ್ರದ ಗುರುತುಸಂಖ್ಯೆಯೂ ನಕಲಾಗುತ್ತವೆ. ಒಂದು ಶಾಲೆಯ ಯಂತ್ರದ ಕೀಲಿ ಕೈಗೆ ಸಿಕ್ಕವರು ಉಳಿದೆಲ್ಲ ಕಡೆಯ ಯಂತ್ರವಾಗಿ ನಟಿಸಬಹುದು. ನಕಲಿಸುವ ಮೊದಲು ಎಸ್‌ಎಸ್‌ಎಚ್ ಫೋಲ್ಡರಿನ 'ಹೋಸ್ಟ್-ಕೀ' ಫೈಲುಗಳನ್ನು ಅಳಿಸಿ, ಮಷೀನ್-ಐಡಿ ಫೈಲನ್ನು ಖಾಲಿ ಮಾಡಿ. ಹೊಸ ಜಾಗದಲ್ಲಿ ಎದ್ದ ಮೇಲೆ 'ಡಿಪಿಕೆಜಿ-ರೀಕಾನ್ಫಿಗರ್' ಕಮಾಂಡಿನಿಂದ ಓಪನ್‌ಎಸ್‌ಎಸ್‌ಎಚ್ ಸರ್ವರಿಗೆ ಹೊಸ ಕೀಲಿ ಹುಟ್ಟಿಸಿ. ಎಸ್‌ಎಸ್‌ಎಚ್ ಸೇವೆ ಕೀಲಿಯಿಲ್ಲದೆ ಏಳದ ಕಾರಣ ಈ ಕೆಲಸಕ್ಕೆ ಮಾನಿಟರ್ ಕೀಬೋರ್ಡ್ ಜೊತೆಗಿರಲಿ.

8. ಕೇಬಲ್ ಕಿತ್ತು ಪರೀಕ್ಷೆ

ಕೊಡುವ ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. 'ಎಫ್‌ಎಸ್‌ಟ್ಯಾಬ್' ಎಂಬ ಫೈಲಿನಲ್ಲಿ, ಅಂದರೆ ಯಾವ ಡಿಸ್ಕ್ ಎಲ್ಲಿ ಸೇರಬೇಕು ಎಂಬ ಪಟ್ಟಿಯಲ್ಲಿ, ಇಲ್ಲದ ಡಿಸ್ಕಿನ ಒಂದು ಸಾಲು ಬೇಕೆಂದೇ ಸೇರಿಸಿ ರೀಬೂಟ್ ಮಾಡಿ. ಯಂತ್ರ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡಿಗೆ ಬೀಳುತ್ತದೆ. ಲಕೋಟೆಯ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. ನ್ಯಾನೋದಲ್ಲಿ ಆ ಸಾಲಿನ ಮುಂದೆ ಹ್ಯಾಷ್ ಚಿಹ್ನೆ ಹಾಕಿ ಉಳಿಸಿ. ಉಳಿಸಲು ಬಿಡದೆ 'ರೀಡ್ ಓನ್ಲಿ' ಎಂದರೆ ಡಿಸ್ಕ್ ಓದಲು ಮಾತ್ರ ತೆರೆದಿದೆ ಎಂದರ್ಥ. 'ಮೌಂಟ್' ಕಮಾಂಡಿಗೆ 'ರೀಮೌಂಟ್, ಆರ್‌ಡಬ್ಲ್ಯೂ' ಆಯ್ಕೆ ಕೊಟ್ಟು ಬರೆಯಲು ತೆರೆಯಿರಿ, ಮತ್ತೆ ಉಳಿಸಿ. ಹೊರಬಂದು 'ಫೈಂಡ್‌ಮೌಂಟ್ ವೆರಿಫೈ' ಓಡಿಸಿದರೆ ಪಟ್ಟಿಯ ತಪ್ಪುಗಳನ್ನು ಹೇಳುತ್ತದೆ. ಬ್ಯಾಕಪ್‌ಗೆಂದು ಹೊರಗಿನ ಡಿಸ್ಕ್ ಚುಚ್ಚುವುದಿದ್ದರೆ ಅದರ ಸಾಲಿಗೆ 'ನೋಫೇಲ್' ಎಂದು ಸ್ವಲ್ಪವೂ ಮರೆಯದೆ ಸೇರಿಸಿ. ಡಿಸ್ಕ್ ಚುಚ್ಚದ ದಿನವೂ ಯಂತ್ರ ಏಳುತ್ತದೆ.

ಈ ಪರೀಕ್ಷೆಯನ್ನು ನೀವಲ್ಲ, ಮೊದಲ ಹಂತದಲ್ಲಿ ಬಲಗಡೆ ಬರೆದ ಹೆಸರಿನವರು ಮಾಡಬೇಕು. ನೀವು ಪಕ್ಕದಲ್ಲಿ ಕುಳಿತು ನೋಡಿ, ಕೀಬೋರ್ಡಿಗೆ ಕೈ ಹಾಕಬೇಡಿ. ಅವರು ಎಲ್ಲಿ ತಡವರಿಸಿದರೋ ಅಲ್ಲಿ ಕಟ್ಟಿನಲ್ಲಿ ಏನೋ ಕಡಿಮೆಯಿದೆ, ಅಥವಾ ಕಾಗದದಲ್ಲಿ ಒಂದು ಸಾಲು ಬರೆಯುವುದು ಉಳಿದಿದೆ.

9. ಕಾಗದ

ಯಂತ್ರದ ಬದಿಗೆ ಅಂಟಿಸಲು ಕನ್ನಡದಲ್ಲಿ ಒಂದೇ ಪುಟ. ಯಂತ್ರದ ಹೆಸರು, ಡೆಬಿಯನ್ ಆವೃತ್ತಿ, ಬೆಂಬಲ ಮುಗಿಯುವ ವರ್ಷ. ನ್ಯಾನೋದಲ್ಲಿ ಉಳಿಸುವ, ಹೊರಬರುವ ಕೀಲಿ. ವಿಮ್‌ನಿಂದ ಹೊರಬರುವ ಐದು ಒತ್ತು. ಪರದೆ ನಿಂತರೆ ಕಂಟ್ರೋಲ್ ಕ್ಯೂ. ಡಿಸ್ಕನ್ನು ಬರೆಯಲು ತೆರೆಯುವ ಕಮಾಂಡ್, ಇದು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ, ಖಾಲಿಜಾಗ ಎಲ್ಲಿ ಬಿಡಬೇಕೆಂದು ಗುರುತು ಹಾಕಿ. ಲಕೋಟೆ ಯಾವ ಬೀರುವಿನಲ್ಲಿದೆ, ಆ ಬೀರುವಿನ ಕೀಲಿ ಯಾರ ಹತ್ತಿರ. ಪಾಸ್‌ವರ್ಡನ್ನು ಈ ಪುಟದಲ್ಲಿ ಬರೆಯಬೇಡಿ.

ವರ್ಷಕ್ಕೊಮ್ಮೆ, ಬೇಸಿಗೆ ರಜೆಯಲ್ಲಿ, 'ಆಪ್ಟ್-ಮಾರ್ಕ್ ಶೋಮ್ಯಾನುವಲ್' ಓಡಿಸಿ. ಕೈಯಾರೆ ಹಾಕಿದ ಪ್ಯಾಕೇಜುಗಳ ಪಟ್ಟಿ ಬರುತ್ತದೆ. ನಿಮ್ಮ ಮೂಲ ಪಟ್ಟಿಯೊಂದಿಗೆ ಹೋಲಿಸಿ. ಹೆಚ್ಚಾಗಿ ಸೇರಿದ್ದು ಯಾಕೆ ಎಂದು ಅಲ್ಲಿಯವರನ್ನು ಕೇಳಿ. ನಿಜವಾಗಿ ಬೇಕಾದದ್ದಾದರೆ ಮುಂದಿನ ಕಟ್ಟಿಗೆ ಸೇರಿಸಿ, ಬೇಡದ್ದನ್ನು ತೆಗೆಯಿರಿ. ಪುಟವನ್ನೂ ಆಗಲೇ ಹೊಸದಾಗಿ ಅಚ್ಚುಹಾಕಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಹಾಕಿ ಅಂಟಿಸಿ. ನಮ್ಮ ಜೂನ್ ಜುಲೈಯ ತೇವಕ್ಕೆ ಬರಿಯ ಕಾಗದ ಬೂಸ್ಟು ಹಿಡಿಯುತ್ತದೆ, ಇಂಕ್‌ಜೆಟ್ ಶಾಯಿ ಹರಡಿ ಕ್ಯೂ ಎಂಬ ಅಕ್ಷರ ಓ ಹಾಗೆ ಕಾಣತೊಡಗುತ್ತದೆ.